ಸ್ಟೇಷನ್ ಇದೆ, ಗಾಡಿಗೆ ಗೊತ್ತಿಲ್ಲ

ಸಾಂಗಲಿಗೂ ಮಿರಜಕ್ಕೂ ನಡುವೆ ವಿಶ್ರಾಮಬಾಗ ಎಂಬ ಸ್ಟೇಷನ್ ಇದೆ. ‘ಇದೆ’ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು, ಏಕೆಂದರೆ ಬಹುತೇಕ ಎಕ್ಸ್‌ಪ್ರೆಸ್ ಗಾಡಿಗಳಿಗೆ ಈ ಸಂಗತಿ ತಿಳಿದಂತಿಲ್ಲ. ಧೂಳೆಬ್ಬಿಸಿ, ಹಾರ್ನ್ ಹೊಡೆದು, ಮುಖ ತಿರುಗಿಸಿಕೊಂಡು ಹೋಗುತ್ತವೆ. 1919ರ ವಿಲಿಂಗ್ಡನ್ ಕಾಲೇಜು, 1947ರ ವಾಲ್‌ಚಂದ್ ಎಂಜಿನಿಯರಿಂಗ್ ಕಾಲೇಜು ಎರಡೂ ಇದೇ ಬಡಾವಣೆಯಲ್ಲಿವೆ. ಬೆಳಗ್ಗೆ ಎಂಜಿನ್ನಿನ ಪಾಠ ಕಲಿತ ಹುಡುಗರು ಸಂಜೆ ವಡಾಪ್ ಎಂಬ ಶೇರ್ ಗಾಡಿಯ ಹಿಂಬದಿಗೆ ಜೋತುಬಿದ್ದು ಮನೆ ಸೇರುತ್ತಾರೆ.

ಈ ಸೀಮೆ ರೈಲಿಗಾಗಿ ಕೈಚಾಚಿ ಕೂತದ್ದಲ್ಲ ಬಿಡಿ. 1801ರಲ್ಲಿ ಚಿಂತಾಮಣರಾವ್ ಪಟವರ್ಧನ ದಾಯಾದಿ ಜಗಳದಲ್ಲಿ ಮಿರಜ ಬಿಟ್ಟು ಬಂದು ಸಾಂಗಲಿಯಲ್ಲಿ ಗಾದಿ ಹೂಡಿದರು. ಆ ಶತಮಾನ ಮುಗಿಯುವುದರೊಳಗೆ ನೋಡಿದರೆ ರೈಲು ಮಿರಜಕ್ಕೆ ಬಂದು ಕೂತಿದೆ! ಸಂಸ್ಥಾನದ ಮರ್ಯಾದೆ ಏನಾಗಬೇಕು? 1907ರಲ್ಲಿ ಮಿರಜದಿಂದ ಐದು ಮೈಲಿ ಮೀಟರ್‌ಗೇಜ್ ಹಳಿ ಬಂತು. ಹೆಸರು ‘ಸಾಂಗಲಿ ಸ್ಟೇಟ್ ರೈಲ್ವೆ’. ಗಾರ್ಡು ಹಸಿರು ಬಾವುಟ ಸುತ್ತಿ ಬಗಲಿಗಿಡುವಷ್ಟರಲ್ಲಿ ಇನ್ನೊಬ್ಬ ದಾಯಾದಿಯ ರಾಜ್ಯ.

ಈಗ ಸಂಸ್ಥಾನಗಳಿಲ್ಲ. 1998ರಿಂದ ಎರಡೂ ಊರಿಗೆ, ಕುಪವಾಡವನ್ನೂ ಸೇರಿಸಿ, ಒಂದೇ ಮಹಾನಗರಪಾಲಿಕೆ. ಬ್ರಾಡ್‌ಗೇಜ್ ಬಂದಾಗ ಮುಖ್ಯ ಹಾದಿಯೇ ಸಾಂಗಲಿಗೆ ಹೊರಳಿತು. ನಡುವಿನವರಿಗೆ ಸಿಕ್ಕದ್ದು ಪ್ಲಾಟ್‌ಫಾರ್ಮು, ಬೋರ್ಡು, ಗಾಡಿ ಹೋಗುವುದನ್ನು ಕೂತು ನೋಡಲು ಬೆಂಚು.

ಇದನ್ನೆಲ್ಲ ಜತ್ತದವರ ಮುಂದೆ ತೋಡಿಕೊಂಡರೆ ನಗುತ್ತಾರೆ. “ನಿಮ್ಮ ಸ್ಟೇಷನ್ ಊರಾಗರ ಐತಲ್ರೀ!” ಜತ್ತ ಇದೇ ಸಾಂಗಲಿ ಜಿಲ್ಲೆಯ ಮೂಡಣ ಅಂಚು, ಕನ್ನಡದ ಸೀಮೆ. ಮಿರಜ–ಪಂಢರಪುರ ಹಾದಿಯಲ್ಲಿ ‘ಜತ್ತ ರೋಡ್’ ಎಂಬ ಸ್ಟೇಷನ್ ಕೊಟ್ಟಿದ್ದಾರೆ. ಅಲ್ಲಿಳಿದು ಊರನ್ನು ಹುಡುಕಿಕೊಂಡು ಹೋಗಬೇಕು. ನೀರು ಕೊಡಿ, ಇಲ್ಲದಿದ್ದರೆ ಕರ್ನಾಟಕಕ್ಕಾದರೂ ಸೇರಿಸಿ ಎಂದು ಠರಾವು ಮಾಡಿದ ಹಳ್ಳಿಗಳು ಇರುವುದೂ ಇದೇ ತಾಲೂಕಿನಲ್ಲಿ.

2016ರ ಏಪ್ರಿಲ್‌ನಲ್ಲಿ ರೈಲ್ವೆಗೆ ದಿಢೀರನೆ ಕರುಣೆ ಉಕ್ಕಿತು. ಮಿರಜದಲ್ಲಿ ಕೃಷ್ಣೆಯ ನೀರು ತುಂಬಿಕೊಂಡು ‘ಜಲದೂತ’ ಹೊರಟಿತು: 10 ವ್ಯಾಗನ್, 5 ಲಕ್ಷ ಲೀಟರ್, ಕ್ಯಾಮೆರಾಗಳು ಬೇರೆ. ಹೊರಟಿದ್ದು 340 ಕಿಲೋಮೀಟರಿಗೂ ದೂರದ ಲಾತೂರಿಗೆ. ಲಾತೂರಿನ ಬಾಯಾರಿಕೆ ಸುಳ್ಳಲ್ಲ, ಅವರ ಮೇಲೆ ನಮಗೆ ಸಿಟ್ಟೂ ಇಲ್ಲ. ಮುಂದೆ ಅವರಿಗೆ 4 ಕೋಟಿ ರೂಪಾಯಿಯ ಸಾಗಾಣಿಕೆ ಬಿಲ್ಲೂ ಬಂತು, ಪಾಪ. ಅದೇ ಗಾಡಿ ಜತ್ತ ರೋಡ್ ಮೇಲಿಂದಲೇ ಹಾದುಹೋಯಿತು. ಹಾದುಹೋದದ್ದಕ್ಕೆ ಜತ್ತದವರಿಗೆ ಬಿಲ್ಲು ಕಳಿಸಲಿಲ್ಲ, ಅಷ್ಟು ಉಪಕಾರ.