ಗಾಳದೂರ ಮೀಮಾಂಸೆ

ದಡದಲ್ಲಿ ನಿಂತವನ ಗಾಳ ಎಲ್ಲಿ ಬೀಳುತ್ತದೋ ಮೀನು ಅಲ್ಲಿಂದ ಹತ್ತು ಮಾರು ಆಚೆಗಿರುತ್ತದೆ ಎಂಬುದು ಸ್ವತಃಸಿದ್ಧ. ಪ್ರಮಾಣ ಬೇಕಾದವರು ನನ್ನ ಬುಟ್ಟಿ ನೋಡಬಹುದು. ಹಾಗಾದರೆ ಗಾಳವನ್ನು ಆಚೆ ದಾಟಿಸುವುದು ಹೇಗೆ? ಮರವಂತೆಯ ಕಡಲ ಬದಿಯಲ್ಲಿ ಬಲೆ ಹೆಣೆಯುತ್ತ ಕೂರುವ ಹಿರಿಯರೊಬ್ಬರು ಪೂರ್ವಪಕ್ಷವನ್ನು ಹೀಗೆ ಮಂಡಿಸಿದರು: “ದೋಣಿಯಗೆ ಹೋಯ್ಲಕ್ಕಲ್ದಾ ಮಾರಾಯ್ರೆ?” ದೋಣಿ ಹತ್ತಿದ ಮೇಲೆ ಶಾಸ್ತ್ರಕ್ಕೇನು ಕೆಲಸ? ಆದ್ದರಿಂದ ಈ ಆಕ್ಷೇಪವನ್ನು ಬದಿಗಿಡಲಾಗಿದೆ.

ಉಪಾಯಗಳು ಪಂಚಭೂತಗಳಷ್ಟೇ, ಐದು. ಸೀಸದ ಗುಂಡು ಕಟ್ಟಿ ತೋಳ್ಬಲದಿಂದ ಬೀಸುವುದು ಪೃಥ್ವೀಮಾರ್ಗ. ಇದರ ಫಲ ಹೆಗಲುನೋವು. ಪೈಪಿನ ತೋಪಿನಿಂದ ಎರೆಯನ್ನು ಹಾರಿಸುವುದು ಅಗ್ನಿಮಾರ್ಗ. ಅಲ್ಲಿ ದೂಡುವುದು ಒತ್ತಿ ತುಂಬಿದ ಗಾಳಿಯೇ ಆದರೂ ಲಕ್ಷಣ ತೋಪಿನದು. ಎರೆಯ ಬಂಗುಡೆ ತುಂಡು ಮಂಜುಗಡ್ಡೆಯಂತೆ ಗಟ್ಟಿಯಾಗಿರಬೇಕು, ಇಲ್ಲದಿದ್ದರೆ ಕಡಲಿಗೆ ಚಟ್ನಿ ಬಡಿಸಿದಂತಾಗುತ್ತದೆ.

ಜಲಮಾರ್ಗಕ್ಕೆ ವಂಶಾವಳಿ ಇದೆ. 1947ರಲ್ಲಿ ಥಾರ್ ಹೇಯರ್ಡಾಲ್ ಮತ್ತು ಸಂಗಡಿಗರು ಬಾಲ್ಸಾ ಮರದ ತೆಪ್ಪ ಹತ್ತಿ, ಪೆರುವಿನಿಂದ 101 ದಿನ ತೇಲಿ ಪಾಲಿನೇಷ್ಯ ಮುಟ್ಟಿದರು. ತೆಪ್ಪದ ಹೆಸರು ಕಾನ್-ಟಿಕಿ. ಇಂದು ನ್ಯೂಜಿಲೆಂಡಿನ ದಡಗಳಲ್ಲಿ ಅದೇ ಹೆಸರಿನ ಬ್ಯಾಟರಿ ಯಂತ್ರ ಗಾಳಗಳ ಸಾಲನ್ನು ಎಳೆದುಕೊಂಡು ಕಿಲೋಮೀಟರಿನಾಚೆಗೂ ಹೋಗುತ್ತದೆ. ಸಾಲಿಗೆ 25 ಗಾಳ, ಮೇಲೊಂದಾದರೂ ಕಾನೂನು ಬಿಡದು. ಪೂರ್ವಪಕ್ಷಿಗೆ ಚಿತ್ರ ತೋರಿಸಿದೆ. “ಇದೂ ದೋಣಿಯೇ ಅಲ್ದಾ? ಜನ ಇಲ್ಲ, ಅಷ್ಟೆ” ಎಂದರು.

ಆಕಾಶದ ಗುಣ ಶಬ್ದವೆಂದು ತಾರ್ಕಿಕರ ಮತ. ಡ್ರೋನ್ ಹಾರಿಸಿದವರಿಗೆ ಇದರಲ್ಲಿ ಸಂಶಯ ಉಳಿಯದು. ಆದರೆ 2022ರಲ್ಲಿ ದಕ್ಷಿಣ ಆಫ್ರಿಕಾದ ಹೈಕೋರ್ಟ್ ಡ್ರೋನಿನಿಂದ ಗಾಳ ಹಾಕುವುದು ಅಕ್ರಮವೆಂದಿತು. ಡ್ರೋನಿನ ಬೆಲೆ ಕೇಳಿದ ಕ್ಷಣದಿಂದ ನಾನೂ ಆ ತೀರ್ಪನ್ನು ಮನಸಾರೆ ಒಪ್ಪಿದ್ದೇನೆ.

ಇನ್ನುಳಿದದ್ದು ವಾಯುಮಾರ್ಗ, ಅಂದರೆ ಗಾಳಿಪಟ. ಇದು ಪ್ರಯೋಗಕ್ಕೆ ಯೋಗ್ಯ, ಏಕೆಂದರೆ ಅಗ್ಗ. ಅಂಗಡಿಯ ಪ್ಲಾಸ್ಟಿಕ್ ಪಟ, 200 ಮೀಟರ್ ತಂಗೂಸು, ತುದಿಗೆ ಸಿಗಡಿ ಸಿಕ್ಕಿಸಿದ ಗಾಳ. ಸಂಜೆ ನಾಲ್ಕಕ್ಕೆ ಮರವಂತೆಯ ಮರಳಿನಲ್ಲಿ ನಿಂತೆ. ಹಗಲಲ್ಲಿ ನೆಲ ಬೇಗ ಕಾಯುತ್ತದೆ, ಆಗ ಗಾಳಿ ಕಡಲಿಂದ ದಡಕ್ಕೆ ಬೀಸುತ್ತದೆ. ದಡದಿಂದ ಕಡಲಿಗೆ ಬೀಸುವ ಗಾಳಿ ಬೇಕಿದ್ದರೆ ನಸುಕಿಗೇ ಏಳಬೇಕು. ಶಾಲೆಯ ಪುಸ್ತಕದಲ್ಲೂ ಇರುವ ಈ ವಿಷಯ ಪಟ ಏರಿದ ಮೇಲೆ ನೆನಪಿಗೆ ಬಂತು. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಪಟ ಕಡಲಿಗೆ ಬೆನ್ನು ಹಾಕಿ ಹೊಳೆಯ ಕಡೆ ವಾಲಿತು; ಗಾಳ ಭಟ್ಕಳದ ದಿಕ್ಕಿಗೆ ಹೊರಟಿದ್ದ ಲಾರಿಯೊಂದರ ತಾಡಪಾಲಿಗೆ ಕಚ್ಚಿತು. ರೀಲು ಕಿರ್ರೆಂದು ಬಿಚ್ಚಿಕೊಂಡಿತು, ಹೆಬ್ಬೆರಳ ಚರ್ಮ ಸುಲಿಯಿತು, ಕೊನೆಯ ಸುತ್ತಿಗೆ ದಾರ ಟಪ್ಪೆಂದಿತು. ಪಟ, ಗಾಳ, ಸಿಗಡಿ ಮೂರೂ ಉತ್ತರ ಕನ್ನಡದ ಕಡೆ ನಡೆದವು. ದೂರದ ಮಟ್ಟಿಗೆ ನನ್ನ ಈ ಎಸೆತವನ್ನು ಯಾರೂ ಮೀರಿರಲಾರರು. ದಿಕ್ಕು ಪ್ರತ್ಯೇಕ ವಿಷಯ.

ಹಿರಿಯರು ಬಲೆಯಿಂದ ಕಣ್ಣೆತ್ತಲಿಲ್ಲ. ಮಾನ ಉಳಿಸಿಕೊಳ್ಳಲು ಗ್ರಂಥಪ್ರಮಾಣಕ್ಕೆ ಕೈಹಾಕಿದೆ: ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ಸಂಗ್ರಹಾಲಯದ ಹೆನ್ರಿ ಬಾಲ್ಫರ್ 1913ರಲ್ಲೇ ಗಾಳಿಪಟದ ಮೀನುಗಾರಿಕೆಯ ಬಗ್ಗೆ ಪ್ರಬಂಧ ಬರೆದಿದ್ದಾರೆ, ಸಾಲೊಮನ್ ದ್ವೀಪಗಳಲ್ಲಿ ಎಲೆಯ ಪಟಕ್ಕೆ ಜೇಡರಬಲೆಯ ಉಂಡೆ ಇಳಿಬಿಡುತ್ತಾರೆ, ಸೂಜಿಮೂತಿಯ ಮೀನಿನ ಹಲ್ಲು ಅದರಲ್ಲಿ ಸಿಕ್ಕಿಬೀಳುತ್ತದೆ, ಕೊಕ್ಕೆಯೇ ಬೇಡ.

“ಹೌದಾ?” ಎಂದು ಅವರು ಮೊದಲ ಸಲ ಕುತೂಹಲ ತೋರಿಸಿದರು. “ಅವ್ರ್ ಎಲ್ಲಿ ನಿಂತ್ಕಂಡ್ ಪಟ ಬಿಡುದ್?”

ದೋಣಿಯಲ್ಲಿ ಕೂತು.

ಈ ಅಂಶವನ್ನು ಅನುಬಂಧದಲ್ಲಿ ಸಣ್ಣ ಅಕ್ಷರದಲ್ಲಿ ಚರ್ಚಿಸಲಾಗುವುದು.