ಪ್ಯಾಕೇಜು ಬಿಚ್ಚಿದಾಗ

ನಮ್ಮೂರು ಸೋಗಾನೆಯಲ್ಲಿ ಕೇಂದ್ರ ಕಾರಾಗೃಹವಿದೆ. 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ಕುವೆಂಪು ವಿಮಾನ ನಿಲ್ದಾಣವೂ ಇದೆ. ಮನೆಯಲ್ಲೇ ಕೂತು ಕೋಡ್ ಬರೆಯುವ ನನ್ನಂಥ ಹೊಸ ಎಂಜಿನಿಯರನಿಗೆ ಇದಕ್ಕಿಂತ ಒಪ್ಪುವ ಊರು ಸಿಗದು. ಬೆಳಗಿನ ಮೀಟಿಂಗಿನಲ್ಲಿ ಮೊದಲನೆಯದು ನೆನಪಾಗುತ್ತದೆ, ಸಂಬಳದ ದಿನ ಎರಡನೆಯದು. ಆದರೆ ವಿಮಾನ ಇಳಿಯುವುದೂ ಬೇಗ.

ಭದ್ರಾವತಿಯ ದೊಡ್ಡಪ್ಪ ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರು. ಮನೆಗೆ ಬಂದಿದ್ದ ಅವರಿಗೆ, ನನ್ನ ಪ್ಯಾಕೇಜು ವರ್ಷಕ್ಕೆ ಆರು ಲಕ್ಷ ಎಂದೆ.

"ತಿಂಗಳಿಗೆ ಐವತ್ತು ಸಾವಿರ! ಭೇಷ್ ಮಾರಾಯ."

ಪ್ಯಾಕೇಜು ಬಿಚ್ಚಿ ತೋರಿಸಿದೆ: ತಿಂಗಳ ಮೂಲ ವೇತನ 25,000 ಎಂದಿಟ್ಟುಕೊಳ್ಳಿ. ಭವಿಷ್ಯ ನಿಧಿಗೆ ನನ್ನದು ಶೇ. 12, ಅಂದರೆ 3,000. ಕಂಪನಿಯೂ ಅಷ್ಟೇ ಉದಾರವಾಗಿ 3,000 ಹಾಕುತ್ತದೆ, ನನ್ನದೇ ಪ್ಯಾಕೇಜಿನಿಂದ! ಗ್ರಾಚ್ಯುಟಿ ಹೆಸರಲ್ಲಿ ಸುಮಾರು 1,200, ವೃತ್ತಿ ತೆರಿಗೆ 200. ಉಳಿದದ್ದು 42,600ರ ಆಸುಪಾಸು.

"ಗ್ರಾಚ್ಯುಟಿಗೆ ಐದು ವರ್ಷ ಇರಬೇಕಲ್ಲೋ?"

"ಹೌದು ದೊಡ್ಡಪ್ಪ."

"ನೀನು ಇರ್ತೀಯಾ?"

"ನಮ್ಮಲ್ಲಿ ಎರಡು ವರ್ಷಕ್ಕೆ ಕಂಪನಿ ಬದಲಾಯಿಸದಿದ್ದರೆ ಸಂಬಳ ಏರಲ್ಲ."

"ಮತ್ತೆ ಆ ದುಡ್ಡನ್ನ ಸಂಬಳ ಅಂತ ಯಾಕೆ ಎಣಿಸ್ತೀಯ?"

ಇಷ್ಟು ಚೊಕ್ಕ ಪ್ರಶ್ನೆಯನ್ನು ಯಾವ ಸಂದರ್ಶನದಲ್ಲೂ ಯಾರೂ ಕೇಳಿರಲಿಲ್ಲ. ಅಲ್ಲಿ ಕೇಳುವುದು ಲಿಂಕ್ಡ್ ಲಿಸ್ಟ್ ತಿರುಗಿಸುವುದು ಹೇಗೆಂದು. ಸೇರಿದ ಮೇಲೆ ಮಾಡಿಸುವುದು ಬಟನ್ನಿನ ಬಣ್ಣ ಬದಲಾಯಿಸುವ ಕೆಲಸ.

ಉತ್ತರ ತೋಚದೆ ಒಳಗೆ ಹೋಗಿ ಮೀಟಿಂಗಿಗೆ ಕೂತೆ. ಅಷ್ಟರಲ್ಲಿ ಕರೆಂಟು ಹೋಯಿತು. ರೂಟರ್ ಕಣ್ಣು ಮುಚ್ಚಿತು. ಮ್ಯಾನೇಜರ್ ಮಾತು ಅರ್ಧಕ್ಕೇ ನಿಂತಿತು. ನಾನು ಹಾಯಾಗಿ ಹೊರಗೆ ಬಂದರೆ ದೊಡ್ಡಮ್ಮ ಮಿಕ್ಸಿ ಹಿಡಿದು ಕಾಯುತ್ತಿದ್ದಾರೆ.

"ಎಂಜಿನಿಯರ್ ಅಲ್ವೇನೋ, ಇದೊಂದು ನೋಡು. ಕರೆಂಟು ಬರೋದ್ರೊಳಗೆ ರಿಪೇರಿ ಆಗ್ಬೇಕು."