ಪಹಣಿಯಿಂದ ಮಾಯವಾದ ಡಿ ಡ್ರೈವ್

ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಉಬುಂಟು ಎರಡನ್ನೂ ಇಟ್ಟುಕೊಳ್ಳುವುದೆಂದರೆ ಅಣ್ಣತಮ್ಮಂದಿರು ನಡುಗೋಡೆ ಎಬ್ಬಿಸಿಕೊಂಡು ಒಂದೇ ಮನೆಯಲ್ಲಿ ಬಾಳಿದ ಹಾಗೆ. ಹೆಬ್ಬಾಗಿಲಲ್ಲಿ ಗ್ರಬ್ ಎಂಬ ಕಾವಲುಗಾರ, ‘ಯಾರ ಮನೆಗೆ?’ ಎಂದು ಕೇಳಿಯೇ ಒಳಗೆ ಬಿಡುತ್ತಾನೆ.

ತಮ್ಮನಾದ ಉಬುಂಟುವಿಗೆ ಇನ್ನೊಂದಿಷ್ಟು ಜಾಗ ಸಿಗಲೆಂದು ಒಂದು ರಾತ್ರಿ ಗೋಡೆ ಸರಿಸಲು ಹೋದೆ. ಡಿ ಡ್ರೈವೇ ಮಾಯ! ಮಗಳ ನಾಮಕರಣದ ಫೋಟೊಗಳೆಲ್ಲ ಅದರಲ್ಲೇ.

“ಏನ್ರೀ, ಹೀಗೆ ಬೆವರ್ತಿದ್ದೀರಾ?” ಎಂದಳು ಹೆಂಡತಿ.

“ಸೆಕೆ” ಎಂದೆ. ಡಿಸೆಂಬರ್ ತಿಂಗಳು.

ಅಸಲಿಗೆ ಜಮೀನು ಎಲ್ಲಿಗೂ ಹೋಗಿರಲಿಲ್ಲ, ಪಹಣಿಯಲ್ಲಿ ಹೆಸರು ಅಳಿಸಿತ್ತಷ್ಟೆ. ನನ್ನದು ಹಳೆಯ ಎಂಬಿಆರ್ ಪದ್ಧತಿಯ ಡಿಸ್ಕು. ಅದರ ಮೊದಲ 512 ಬೈಟುಗಳಲ್ಲಿ ಪಾಲುಪಟ್ಟಿಗೆ ಮೀಸಲು ಬರೀ 64. ನಾಲ್ಕು ಪಾಲಿಗೆ ತಲಾ 16. ನೂರಾರು ಜಿಬಿ ಆಸ್ತಿಗೆ ಇಷ್ಟೇ ದಾಖಲೆ! ನಮ್ಮ ತಾಲ್ಲೂಕು ಕಚೇರಿಯೇ ವಾಸಿ, ಕಟ್ಟುಗಟ್ಟಲೆ ಕಾಗದವಾದರೂ ಇರುತ್ತದೆ.

ಪೆನ್‌ಡ್ರೈವಿನಿಂದ ಉಬುಂಟು ಎಬ್ಬಿಸಿ, ಕ್ರಿಸ್ಟೋಫ್ ಗ್ರೆನಿಯೇ ಬರೆದ ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶ ಓಡಿಸಿದೆ. ಕಪ್ಪು ಪರದೆ, ಮೌಸಿಗೆ ಕೆಲಸವಿಲ್ಲ. ಸರ್ವೆಯವನು ಸರಪಳಿ ಹಿಡಿದು ಬಾಂದುಕಲ್ಲು ಹುಡುಕುವಂತೆ ಅದು ಡಿಸ್ಕಿನುದ್ದಕ್ಕೂ ನಡೆಯಿತು. ಕೊನೆಗೆ ಹಳೆಯ ಗಡಿ ಸಿಕ್ಕಿತು. ‘ಪಿ’ ಒತ್ತಿದರೆ ಫೈಲುಗಳೆಲ್ಲ ಸಾಲಾಗಿ ನಿಂತಿವೆ! ಇಷ್ಟದೇವರನ್ನು ನೆನೆದು ‘ರೈಟ್’ ಒತ್ತಿ, ಮತ್ತೆ ಚಾಲೂ ಮಾಡಿದೆ.

ಡಿ ಡ್ರೈವ್ ಏನೂ ಆಗಿಲ್ಲವೆಂಬಂತೆ ಕೂತಿತ್ತು. ಬೆಳಗಿನ ನಾಲ್ಕು ಗಂಟೆಗೆ ಹೆಂಡತಿಯನ್ನು ಎಬ್ಬಿಸಿ ಫೋಟೊ ತೋರಿಸಿದೆ.

“ಇವೆಲ್ಲ ನನ್ನ ಫೋನಲ್ಲೇ ಇವೆಯಲ್ರೀ” ಎಂದು ಮಗ್ಗುಲು ಬದಲಿಸಿದಳು.